'ಆರವ್' ಅಂದರೆ ಶಾಂತಿಯೋ, ಸದ್ದೋ? ಹೆಸರಿನ ಅರ್ಥ ಹುಡುಕುವುದು ಹೀಗೆ

ಮಗುವಿಗೆ ಹೆಸರು ಹುಡುಕುವವರ ಮೊಬೈಲಿನಲ್ಲಿ ಒಂದು ಪಟ್ಟಿ ಇದ್ದೇ ಇರುತ್ತದೆ. ಎಡಗಡೆ ಹೆಸರು, ಬಲಗಡೆ ಅರ್ಥ. 'ಆರವ್' ಎದುರಿಗೆ ಬಹುತೇಕ ಪಟ್ಟಿಗಳು 'ಶಾಂತ' ಎಂದು ಬರೆದಿರುತ್ತವೆ. ಸಂಸ್ಕೃತ ನಿಘಂಟು ತೆಗೆದು ನೋಡಿ. 'ರವ' ಅಂದರೆ ಸದ್ದು. ಕಲರವದಲ್ಲಿರುವುದೂ ಅದೇ ರವ. ಮೊದಲ ಅಕ್ಷರ ಹ್ರಸ್ವವಾಗಿ 'ಅರವ' ಆದರೆ ಸದ್ದಿಲ್ಲದ್ದು, ದೀರ್ಘವಾಗಿ 'ಆರವ' ಆದರೆ ಕೂಗು, ಗದ್ದಲ. ರಾತ್ರಿಯಿಡೀ ಅಳುವ ಕೂಸಿಗೆ ಎರಡನೆಯದೇ ಹೆಚ್ಚು ಒಪ್ಪುತ್ತದೆ, ಅದು ಬೇರೆ ಮಾತು.

ಹಾಗಾಗಿ ಮೊದಲ ಕೆಲಸ: ಇಂಗ್ಲಿಷ್ ಸ್ಪೆಲ್ಲಿಂಗ್ ಬದಿಗಿಟ್ಟು, ಹೆಸರನ್ನು ಅದರದೇ ಲಿಪಿಯಲ್ಲಿ ಬರೆದುಕೊಳ್ಳಿ. ಜಪಾನಿ ಹೆಸರುಗಳಿಗಂತೂ ಇದಿಲ್ಲದೆ ಗತಿಯಿಲ್ಲ. 'ಯುಕಿ'ಯನ್ನು ಒಂದು ಚಿತ್ರಾಕ್ಷರದಲ್ಲಿ ಬರೆದರೆ ಹಿಮ, ಇನ್ನೊಂದರಲ್ಲಿ ಬರೆದರೆ ಸೌಭಾಗ್ಯ. ಸ್ವರ ಎಳೆದು 'ಯೂಕಿ' ಎಂದರೆ ಧೈರ್ಯವೂ ಆಗಬಹುದು. ಅಲ್ಲಿ ಅರ್ಥವೇನು ಎಂದು ಕೇಳುವ ಮೊದಲು, ಯಾವ ಅಕ್ಷರ ಎಂದು ಕೇಳಬೇಕು.

ಆಮೇಲೆ, ಹೆಸರು ಯಾವ ಭಾಷೆಯದು ಎಂದು ನೋಡಿ. ಉಚ್ಚಾರ ಒಂದೇ ಆದ ಮಾತ್ರಕ್ಕೆ ನಂಟು ಇರಬೇಕೆಂದಿಲ್ಲ. ಸಂಸ್ಕೃತದ 'ಮಾಯಾ' ಭ್ರಮೆ. ಹೀಬ್ರೂ ಭಾಷೆಯವರು ಅದೇ ಹೆಸರನ್ನು ನೀರಿನ ಪದದೊಂದಿಗೆ ಜೋಡಿಸುತ್ತಾರೆ. 'ಕಿಯಾರಾ' ಇಟಲಿಯದಾದರೆ ತಿಳಿಯಾದದ್ದು, ಬೆಳಕಿನದು. ಹೆಚ್ಚುಕಡಿಮೆ ಅದೇ ಅಕ್ಷರಗಳ ಐರಿಷ್ ಹೆಸರು ಕಪ್ಪು ಎಂಬ ಪದದಿಂದ ಬಂದದ್ದು. ಇವೆರಡನ್ನೂ ಬೆರೆಸಿ ಒಂದೇ ಸಾಲಿನಲ್ಲಿ ಕೊಟ್ಟಿರುವ ಪಟ್ಟಿಯನ್ನು ಅಲ್ಲಿಗೇ ಮುಚ್ಚಿಬಿಡಿ.

ಇದರ ತದ್ವಿರುದ್ಧವೂ ಉಂಟು. ಜಾನ್, ಇವಾನ್, ಜೊವಾನ್ನಿ, ಹುವಾನ್, ಶಾನ್, ಹಾನ್ಸ್: ಕಿವಿಗೆ ಆರು ಹೆಸರು, ಬೇರು ಒಂದೇ. ದೇವರು ಕೃಪೆ ತೋರಿದ್ದಾನೆ ಎಂಬರ್ಥದ ಹೀಬ್ರೂ 'ಯೋಹಾನಾನ್' ಗ್ರೀಕ್, ಲ್ಯಾಟಿನ್ ದಾಟಿ ಊರೂರು ಸುತ್ತುತ್ತ ಸವೆದಿದೆ. ಕನ್ನಡ ಬೈಬಲಿನ 'ಯೋಹಾನ' ಇವರೆಲ್ಲರಿಗಿಂತ ಮೂಲಕ್ಕೆ ಹತ್ತಿರ. ಇನ್ನು ಹೀಬ್ರೂವಿನ ಡೆಬೋರಾ, ಗ್ರೀಕಿನ ಮೆಲಿಸ್ಸಾ ಕೇಳಲು ಒಂದಕ್ಕೊಂದು ಸಂಬಂಧವೇ ಇಲ್ಲ. ಎರಡರ ಅರ್ಥವೂ ಜೇನುನೊಣ.

ಪದ ಒಡೆದರೂ ಅರ್ಥ ಸಿಗದ ಹೆಸರುಗಳೇ ನನಗೆ ಹೆಚ್ಚು ಇಷ್ಟ. ಅವುಗಳ ಅರ್ಥ ಇರುವುದು ಪದ್ಧತಿಯಲ್ಲಿ. ಘಾನಾದ ಅಕಾನ್ ಜನರಲ್ಲಿ ಶುಕ್ರವಾರ ಹುಟ್ಟಿದ ಗಂಡು ಕೋಫಿ, ಶನಿವಾರದವನು ಕ್ವಾಮೆ. ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿಯಾಗಿದ್ದ ಕೋಫಿ ಅನ್ನಾನ್ ಹುಟ್ಟಿದ ವಾರ ತಿಳಿಯಲು ಪಂಚಾಂಗ ಬೇಡ. ಬಾಲಿಯಲ್ಲಿ ವಾಯಾನ್, ಮಾಡೆ, ನ್ಯೋಮಾನ್, ಕೆತುತ್ ಎಂದು ಹುಟ್ಟಿದ ಸರದಿಯ ಮೇಲೆ ಹೆಸರು. ಐದನೆಯ ಮಗು ಬಂದರೆ ಮತ್ತೆ ವಾಯಾನ್‌ನಿಂದ ಶುರು. ನೈಜೀರಿಯಾದ ಯೊರುಬಾ ಜನರಲ್ಲಿ ಅವಳಿಗಳಲ್ಲಿ ಮೊದಲು ಹೊರಬಂದದ್ದು ತೈವೊ, ಅಂದರೆ ಲೋಕದ ರುಚಿ ನೋಡಿದವನು ಅಥವಾ ನೋಡಿದವಳು. ಹಿಂದೆ ಬಂದದ್ದು ಕೆಹಿಂದೆ. ಆದರೆ ಹಿರಿತನ ಕೆಹಿಂದೆಗೆ! ಹೊರಗೆ ಹೇಗಿದೆ ನೋಡಿ ಬಾ ಎಂದು ತೈವೊನನ್ನು ಕಳಿಸಿದ್ದೇ ಕೆಹಿಂದೆ ಎಂಬುದು ಅಲ್ಲಿನ ನಂಬಿಕೆ. ಮಂಗೋಲಿಯಾದಲ್ಲಿ 'ನೆರ್ಗುಯ್' ಎಂಬ ಹೆಸರಿದೆ. ಅದರ ಅರ್ಥ 'ಹೆಸರಿಲ್ಲ'. ಬರೀ ನಿಘಂಟು ನೋಡಿದರೆ ಹೆತ್ತವರಿಗೆ ಈ ಮಗು ಬೇಡವಾಗಿತ್ತೇನೋ ಅನ್ನಿಸುತ್ತದೆ. ನಿಜ ನೋಡಿದರೆ, ದುಷ್ಟಶಕ್ತಿಗಳ ಕಣ್ಣು ತಪ್ಪಿಸಿ ಮಗುವನ್ನು ಉಳಿಸಿಕೊಳ್ಳುವ ಉಪಾಯ ಅದು.

ಮುಂದೆ, ಹೆಸರಿನ ವಯಸ್ಸು ಕೇಳಿ. 'ವನೆಸ್ಸಾ' ಅಂದರೆ ಗ್ರೀಕಿನಲ್ಲಿ ಚಿಟ್ಟೆ ಎಂದು ಹಲವರು ನಂಬಿದ್ದಾರೆ. ಆ ಹೆಸರನ್ನು ಕಟ್ಟಿದ್ದು ಕವಿ ಜೊನಾಥನ್ ಸ್ವಿಫ್ಟ್. ಎಸ್ತರ್ ವ್ಯಾನಹೋಮ್ರಿ ಎಂಬ ಗೆಳತಿಯ ಮನೆಹೆಸರಿನಿಂದ 'ವ್ಯಾನ್' ಎತ್ತಿಕೊಂಡು, ಎಸ್ತರ್‌ನ ಮುದ್ದುರೂಪ 'ಎಸ್ಸಾ' ಸೇರಿಸಿದ. ಆ ಹೆಸರು ಬಳಸಿ ಅವನು ಬರೆದ ಕವಿತೆ ಅಚ್ಚಾದದ್ದು 1726ರಲ್ಲಿ. ಕೀಟವಿಜ್ಞಾನಿ ಫ್ಯಾಬ್ರಿಸಿಯಸ್ ಒಂದು ಚಿಟ್ಟೆ ಕುಲಕ್ಕೆ ಆ ಹೆಸರಿಟ್ಟದ್ದು 1807ರಲ್ಲಿ. ಇಸವಿಗಳನ್ನು ಪಕ್ಕಪಕ್ಕ ಇಟ್ಟರೆ ಸಾಕು, ಯಾವುದರಿಂದ ಯಾವುದು ಬಂತೆಂದು ಗೊತ್ತಾಗುತ್ತದೆ.

ಇಷ್ಟೆಲ್ಲ ಅಗೆದಾಗ ಮನಸ್ಸಿಗೆ ಹಿಡಿಸದ್ದೂ ಸಿಗುತ್ತದೆ. ಸಿಸಿಲಿಯಾ ಎಂಬುದರ ಬೇರು ಕುರುಡು, ಕ್ಯಾಲ್ವಿನ್‌ನದು ಬೋಳುತಲೆ, ಕ್ಲಾಡಿಯಾಳದು ಕುಂಟು. ಹೆಸರು ಇಷ್ಟವಾಗಿದ್ದರೆ ಇವಕ್ಕೆ ಹೆದರಿ ಬಿಡಬೇಕಿಲ್ಲ ಎಂಬುದು ನನ್ನ ಅಭಿಪ್ರಾಯ. ರೋಮಿನ ಚಕ್ರವರ್ತಿ ಕ್ಲಾಡಿಯಸ್ ನಿಜಕ್ಕೂ ಕುಂಟುತ್ತಿದ್ದ. ಆದರೆ ಆ ಹೆಸರು ಅವನ ಕಾಲು ನೋಡಿ ಇಟ್ಟದ್ದಲ್ಲ; ಅವನು ಹುಟ್ಟುವುದಕ್ಕೆ ನೂರಾರು ವರ್ಷ ಮೊದಲೇ ಅದು ಅವನ ವಂಶದ ಹೆಸರಾಗಿತ್ತು.