ಬಿಸಿಎ ಓದಿದ್ದು, ಡೈರಿ ಲೆಕ್ಕ ಬರೆದದ್ದು

ಪಿಯುಸಿಯಲ್ಲಿ ಕಾಮರ್ಸ್ ಓದಿ ಬಿಸಿಎಗೆ, ಅಂದರೆ ಕಂಪ್ಯೂಟರ್ ಅಪ್ಲಿಕೇಶನ್ಸ್ ಪದವಿಗೆ, ಸೇರಿದರೆ ಕಷ್ಟ ಆಗುತ್ತಾ ಅಂತ ನಮ್ಮೂರಿನ ಹುಡುಗ ಹುಡುಗಿಯರು ಆಗಾಗ ಕೇಳುತ್ತಾರೆ. ನಾನು ಹೋಗಿದ್ದೇ ಆ ದಾರಿಯಲ್ಲಿ. ಹೈಸ್ಕೂಲಿನವರೆಗೆ ಕನ್ನಡ ಮಾಧ್ಯಮ, ಆಮೇಲೆ ಕಾಮರ್ಸ್, ಆಮೇಲೆ ತುಮಕೂರು ಜಿಲ್ಲೆಯ ಒಂದು ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಬಿಸಿಎ. ಲೆಡ್ಜರ್ ಬರೆದು ಬಂದವರಿಗೆ ಈ ಓದಿನಲ್ಲಿ ಒಂದು ಅನುಕೂಲವೇ ಇದೆ ಅಂತ ನನಗೆ ಖಾತ್ರಿಯಾಗಿದೆ. ಪ್ರೋಗ್ರಾಂ ಬರೆಯುವುದನ್ನು ಯಾರು ಬೇಕಾದರೂ ಅಭ್ಯಾಸದಿಂದ ಕಲಿಯಬಹುದು. ಈ ಲೆಕ್ಕ ಯಾರು ಬರೆಯುತ್ತಾರೆ, ಯಾರು ನೋಡುತ್ತಾರೆ, ತಪ್ಪಾದರೆ ಯಾರ ಜೇಬಿಗೆ ಪೆಟ್ಟು ಅಂತ ಯೋಚಿಸುವುದು ಬೇರೆಯೇ ಅಭ್ಯಾಸ. ಅದು ಲೆಡ್ಜರ್ ಬರೆದವರಿಗೆ ಆಗಲೇ ಸ್ವಲ್ಪ ಬಂದಿರುತ್ತದೆ.

ಮೊದಲ ಸೆಮಿಸ್ಟರ್ ಅಂದರೆ ಸಿ, ಪ್ರೋಗ್ರಾಂ ಬರೆಯುವ ಒಂದು ಭಾಷೆ. ಇಂಗ್ಲಿಷ್ ಪಠ್ಯವನ್ನು ಓದಿ, ಪುಸ್ತಕ ಮುಚ್ಚಿ, ಅದೇ ವಿಷಯವನ್ನು ಕನ್ನಡದಲ್ಲಿ ಗೆಳತಿಗೆ ಜೋರಾಗಿ ಹೇಳುತ್ತಿದ್ದೆ. ಹೇಳಲು ಬಂದರೆ ಅರ್ಥವಾಗಿದೆ, ಎಲ್ಲಿ ತಡವರಿಸಿದೆನೋ ಅಲ್ಲಿ ಆಗಿಲ್ಲ. ಪಾಯಿಂಟರ್ (ಮೆಮೊರಿಯಲ್ಲಿ ಒಂದು ಡೇಟಾ ಎಲ್ಲಿದೆ ಅನ್ನುವ ವಿಳಾಸ) ನನಗೆ ಹಿಡಿತಕ್ಕೆ ಸಿಕ್ಕಿದ್ದು ಹೀಗೇನೇ. ಲ್ಯಾಬಿನಲ್ಲಿ ಟರ್ಬೋ ಸಿ ಇತ್ತು, ಮನೆಯ ಹಳೇ ಲ್ಯಾಪ್‌ಟಾಪಿನಲ್ಲಿ ಜಿಸಿಸಿ ಹಾಕಿಕೊಂಡಿದ್ದೆ. ಎರಡೂ ಸಿ ಪ್ರೋಗ್ರಾಂ ಓಡಿಸಲು ಬೇಕಾದ ಕಂಪೈಲರ್‌ಗಳು. ಎರಡರಲ್ಲೂ ಒಂದೇ ಪ್ರೋಗ್ರಾಂ ಓಡಿಸಿ ನೋಡುವುದು ಒಳ್ಳೆಯ ಪಾಠ. ಟರ್ಬೋ ಸಿಯಲ್ಲಿ ಇಂಟ್‌ಗೆ, ಅಂದರೆ ಪೂರ್ಣ ಸಂಖ್ಯೆಗೆ, 2 ಬೈಟ್ ಜಾಗ, ಹಾಗಾಗಿ 32,767 ದಾಟಿದರೆ ಸಂಖ್ಯೆ ಮೈನಸ್‌ಗೆ ತಿರುಗುತ್ತದೆ. ಜಿಸಿಸಿಯಲ್ಲಿ 4 ಬೈಟ್, ಅಲ್ಲಿ ಏನೂ ಆಗುವುದಿಲ್ಲ. ಪರೀಕ್ಷೆಗೆ ಬಾಯಿಪಾಠ ಮಾಡುವ ಕೋಷ್ಟಕ ಕಣ್ಣೆದುರೇ ನಡೆಯುತ್ತದೆ ಅಲ್ವಾ, ಮತ್ತೆ ಮರೆಯುವುದಿಲ್ಲ.

ಡೇಟಾವನ್ನು ಜೋಡಿಸಿಡುವ ಬಗೆ ಕಲಿಸುವ ಡೇಟಾ ಸ್ಟ್ರಕ್ಚರ್ಸ್‌ನಲ್ಲಿ ಕ್ಯೂ, ಅಂದರೆ ಮೊದಲು ಬಂದದ್ದು ಮೊದಲು ಹೋಗುವ ಸರದಿ ಸಾಲಿನ ಪಾಠ ಬಂದಾಗ ಮೇಷ್ಟ್ರು ಜಮೀನಿನ ದಾಖಲೆಯನ್ನು ಕಂಪ್ಯೂಟರಿಗೆ ತಂದ ಭೂಮಿ ಯೋಜನೆಯ ಉದಾಹರಣೆ ಕೊಟ್ಟರು. ನನ್ನ ಓದಿನ ದಿಕ್ಕು ಬದಲಾಗಿದ್ದು ಅವತ್ತೇ. ಪಹಣಿ ಎಲ್ಲರ ಮನೆಯಲ್ಲೂ ಇರುತ್ತದೆ, ಅದರ ಹಿಂದೆ ಇರುವ ವ್ಯವಸ್ಥೆಯನ್ನು ನಾವು ಯೋಚಿಸಿಯೇ ಇರಲಿಲ್ಲ. 2000ದ ಆಸುಪಾಸಿನಲ್ಲಿ ಕರ್ನಾಟಕದ ಸುಮಾರು 2 ಕೋಟಿ ಪಹಣಿಗಳನ್ನು, 67 ಲಕ್ಷ ಹಿಡುವಳಿದಾರರ ವಿವರವನ್ನು ಕಂಪ್ಯೂಟರಿಗೆ ಹಾಕಿದರು. ಅದಕ್ಕೂ ಮೊದಲು ದಾಖಲೆ ಇದ್ದದ್ದು ಗ್ರಾಮ ಲೆಕ್ಕಿಗರ ಪುಸ್ತಕದಲ್ಲಿ. ಖಾತೆ ಬದಲಾವಣೆಗೆ ಅರ್ಜಿ ಕೊಟ್ಟರೆ ಯಾವುದು ಮೊದಲು, ಯಾವುದು ಆಮೇಲೆ ಅನ್ನುವುದು ಬರೆಯುವವರ ಕೈಯಲ್ಲಿತ್ತು. ಭೂಮಿ ತಂತ್ರಾಂಶದಲ್ಲಿ ಅರ್ಜಿಗಳು ಬಂದ ಸರದಿಯಲ್ಲೇ ವಿಲೇವಾರಿ ಆಗಬೇಕು. ಮೊದಲು ಬಂದದ್ದನ್ನು ಬಿಟ್ಟು ಹಿಂದಿನದನ್ನು ಮುಂದೆ ತರಲು ದಾರಿ ಇರಲಿಲ್ಲ. ಯಾರು ದಾಖಲೆ ತಿದ್ದಿದರು ಅಂತ ಗೊತ್ತಾಗಲು ಬೆರಳಚ್ಚಿನ ಲಾಗಿನ್. ಪುಸ್ತಕದಲ್ಲಿ ಎರಡು ಪುಟದ ಪಾಠವಾಗಿರುವ ಕ್ಯೂ, ಒಂದು ತಾಲ್ಲೂಕು ಕಚೇರಿಯಲ್ಲಿ ಸಾಮಾನ್ಯ ರೈತನ ಸರದಿ ಕಾಯುತ್ತದೆ. ಇನ್ಫರ್ಮೇಶನ್ ಸಿಸ್ಟಮ್ ಅಂದರೆ ಏನು ಅಂತ ಯಾರಾದರೂ ಕೇಳಿದರೆ ನಾನು ಈಗಲೂ ಇದನ್ನೇ ಹೇಳುತ್ತೇನೆ.

ಡೇಟಾವನ್ನು ಇಟ್ಟು ನಿರ್ವಹಿಸುವುದನ್ನು ಕಲಿಸುವ ಡಿಬಿಎಂಎಸ್ ನನಗೆ ತುಂಬಾ ಇಷ್ಟವಾದ ಪೇಪರ್. ಡೇಟಾವನ್ನು ಕೋಷ್ಟಕಗಳಾಗಿ ಇಟ್ಟುಕೊಳ್ಳುವ ಈ ರಿಲೇಶನಲ್ ಮಾದರಿಯನ್ನು ಐಬಿಎಂನಲ್ಲಿದ್ದ ಕಾಡ್ ಅವರು 1970ರಲ್ಲಿ ಪ್ರಕಟಿಸಿದರು, ಯಾವ ವಿಷಯಕ್ಕೆ ಯಾವುದರ ಜೊತೆ ಸಂಬಂಧ ಅಂತ ಚಿತ್ರದಲ್ಲಿ ತೋರಿಸುವ ಪೀಟರ್ ಚೆನ್ ಅವರ ಇಆರ್ ಮಾದರಿ 1976ರದ್ದು. ಇಷ್ಟು ವರ್ಷ ಆದರೂ ಬ್ಯಾಂಕಿನಿಂದ ಹಿಡಿದು ರೈಲ್ವೆ ಬುಕಿಂಗ್‌ವರೆಗೆ ಆ ಯೋಚನೆ ನಿಂತಿದೆ. ಒಂದೇ ಮಾಹಿತಿ ಎರಡು ಕಡೆ ಬಾರದ ಹಾಗೆ ಕೋಷ್ಟಕ ಮಾಡುವ ನಿಯಮಗಳಾದ ನಾರ್ಮಲ್ ಫಾರ್ಮ್‌ಗಳನ್ನು ಉರು ಹೊಡೆಯುವವರೇ ಜಾಸ್ತಿ. ನಾನು ಅವನ್ನು ಕಲಿತದ್ದು ನಮ್ಮೂರಿನ ಹಾಲು ಉತ್ಪಾದಕರ ಸಹಕಾರ ಸಂಘದ ರಿಜಿಸ್ಟರ್ ಮುಂದೆ ಕೂತು. ಕೊನೆಯ ವರ್ಷದ ಪ್ರಾಜೆಕ್ಟ್‌ಗೆ ನಾನು ಆರಿಸಿಕೊಂಡದ್ದು ಅದನ್ನೇ.

ಬೆಳಿಗ್ಗೆ, ಸಾಯಂಕಾಲ ಎರಡು ಹೊತ್ತು ಹಾಲು ಹಾಕುವುದು ನಡೆಯುತ್ತದೆ. ಸದಸ್ಯರ ನಂಬರು, ಎಷ್ಟು ಲೀಟರು, ಫ್ಯಾಟ್ ಎಷ್ಟು, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಹಾಲಿನಲ್ಲಿರುವ ಉಳಿದ ಘನಾಂಶ) ಎಷ್ಟು. ಅದರ ಮೇಲೆ ದರ. 15 ದಿನಕ್ಕೊಮ್ಮೆ ಬಟವಾಡೆ. ಅದರಲ್ಲಿ ಪಶು ಆಹಾರದ ಮೂಟೆ, ಮುಂಗಡ ಎಲ್ಲ ಕಳೆಯಬೇಕು. ನೋಡಲು ಸುಲಭ. ಆದರೆ ಕೂತು ನೋಡಿದರೆ ಪ್ರತಿ ಸಾಲಿನಲ್ಲೂ ಒಂದು ಪ್ರಶ್ನೆ.

ಹೆಸರಿನಿಂದ ಗುರುತಿಸಲು ಆಗುವುದಿಲ್ಲ. ಒಂದೇ ಬೀದಿಯಲ್ಲಿ ಲಕ್ಷ್ಮಮ್ಮ ಎಷ್ಟು ಜನ! ಹಾಗಾಗಿ ಸದಸ್ಯರ ನಂಬರೇ ಕೀ, ಅಂದರೆ ಒಂದು ಸಾಲನ್ನು ಇನ್ನೊಂದರಿಂದ ಬೇರೆಯಾಗಿ ಗುರುತಿಸುವ ಗುರುತು. ಒಂದು ಹೊತ್ತಿನ ಹಾಲಿಗೆ ತಾರೀಖು, ಹೊತ್ತು, ನಂಬರು ಮೂರೂ ಸೇರಿ ಕೀ ಆಗುತ್ತದೆ ಅಂತ ಪಠ್ಯಪುಸ್ತಕ ಓದಿದವರಿಗೆ ಅನ್ನಿಸುತ್ತದೆ. ಬರೆಯುವ ಮೊದಲು ಸೆಕ್ರೆಟರಿಯನ್ನು ಕೇಳಿದೆ.

“ಅಣ್ಣಾ, ಒಬ್ಬರೇ ಒಂದೇ ಹೊತ್ತಿಗೆ ಎರಡು ಸಲ ಹಾಲು ಹಾಕ್ತಾರಾ?”

“ಹಾಕದೆ ಏನಮ್ಮ! ಹಸುವಿನದು ಒಂದು ಕ್ಯಾನು, ಎಮ್ಮೆದು ಇನ್ನೊಂದು. ಕೆಲವರು ಮಗನ ಕೈಲಿ ಆಮೇಲೆ ಇನ್ನೊಂದಿಷ್ಟು ಕಳಿಸ್ತಾರೆ.”

ಅಲ್ಲಿಗೆ ಆ ಮೂರರ ಕೀ ಸಾಲದು ಅಂತಾಯಿತು. ಪ್ರತಿ ಅಳತೆಗೂ ಪ್ರತ್ಯೇಕ ರಶೀದಿ ನಂಬರು ಕೊಟ್ಟೆ. ಇಂಥದ್ದು ಯಾವ ಪುಸ್ತಕದಲ್ಲೂ ಇರುವುದಿಲ್ಲ, ಅಳೆಯುವವರನ್ನೇ ಕೇಳಬೇಕು.

ದರದ್ದು ಇನ್ನೂ ಮುಖ್ಯ. ಹಾಲಿನ ದರ ಆಗಾಗ ಬದಲಾಗುತ್ತದೆ. ಈಗಿನ ದರವನ್ನಷ್ಟೇ ಒಂದು ಕಡೆ ಇಟ್ಟು ಲೆಕ್ಕ ಹಾಕಿಸಿದರೆ, ದರ ಬದಲಾದ ದಿನ ಹಳೇ ಬಿಲ್ಲುಗಳ ಮೊತ್ತವೂ ಬದಲಾಗುತ್ತದೆ. ಕೈಗೆ ಬಂದ ದುಡ್ಡಿಗೂ ಕಂಪ್ಯೂಟರ್ ತೋರಿಸುವ ದುಡ್ಡಿಗೂ ತಾಳೆಯಾಗುವುದಿಲ್ಲ. ಅದಕ್ಕೆ ದರದ ಕೋಷ್ಟಕವನ್ನೇ ಬೇರೆ ಮಾಡಿ, ಪ್ರತಿ ದರದ ಮುಂದೆ ಅದು ಯಾವ ತಾರೀಖಿನಿಂದ ಜಾರಿ ಅಂತ ಬರೆದೆ. ಹಾಲು ಹಾಕಿದ ದಿನಕ್ಕೆ ಯಾವ ದರವೋ ಅದೇ ಲೆಕ್ಕಕ್ಕೆ ಬರಬೇಕು. ಸರ್ಕಾರದ ಲೀಟರಿಗೆ 5 ರೂಪಾಯಿ ಪ್ರೋತ್ಸಾಹಧನ ನೇರವಾಗಿ ರೈತರ ಬ್ಯಾಂಕ್ ಖಾತೆಗೆ ಹೋಗುತ್ತದೆ, ಸಂಘದ ಬಟವಾಡೆಯಲ್ಲಿ ಅಲ್ಲ. ಆದ್ದರಿಂದ ಅದನ್ನು ಬಿಲ್ಲಿನ ಮೊತ್ತಕ್ಕೆ ಸೇರಿಸದೆ ಬೇರೆ ಪಟ್ಟಿಯಾಗಿ ಇಟ್ಟೆ.

ದುಡ್ಡನ್ನು ಫ್ಲೋಟ್‌ನಲ್ಲಿ, ಅಂದರೆ ದಶಮಾಂಶ ಸಂಖ್ಯೆಯನ್ನು ಸರಿಸುಮಾರಾಗಿ ಇಡುವ ಬಗೆಯಲ್ಲಿ, ಇಡಬಾರದು ಅನ್ನುವುದನ್ನು ಎಲ್ಲ ಬಿಸಿಎ ವಿದ್ಯಾರ್ಥಿಗಳಿಗೂ ಹೇಳಲೇಬೇಕು. 0.1 ಅನ್ನು ಕಂಪ್ಯೂಟರ್ ಬಳಸುವ ಬೈನರಿಯಲ್ಲಿ (0 ಮತ್ತು 1 ಮಾತ್ರ ಇರುವ ಲೆಕ್ಕದಲ್ಲಿ) ಪೂರ್ತಿಯಾಗಿ ಬರೆಯಲು ಆಗುವುದಿಲ್ಲ. ಜಾವಾದಲ್ಲಿ 0.1ಕ್ಕೆ 0.2 ಕೂಡಿಸಿ ನೋಡಿ, 0.30000000000000004 ಅಂತ ಬರುತ್ತದೆ. ಇಡೀ ಊರಿನ ಬಟವಾಡೆಯಲ್ಲಿ ಇದು ಪೈಸೆ ಪೈಸೆ ವ್ಯತ್ಯಾಸವಾಗಿ ಕಾಣಿಸಿಕೊಳ್ಳುತ್ತದೆ. ದಶಮಾಂಶವನ್ನು ಇದ್ದ ಹಾಗೇ ಇಡುವ ಡೆಸಿಮಲ್ ಬಳಸಿ, ಇಲ್ಲವೇ ಎಲ್ಲವನ್ನೂ ಪೈಸೆಯಲ್ಲಿ ಪೂರ್ಣ ಸಂಖ್ಯೆಯಾಗಿ ಇಡಿ.

ಹೆಸರುಗಳು ಕನ್ನಡದಲ್ಲೇ ಇರಬೇಕು ಅಂತ ನಾನು ಹಟ ಹಿಡಿದಿದ್ದೆ. ಬಿಲ್ಲು ಓದುವವರು ಕನ್ನಡದವರು, ಇನ್ನು ಹೇಗಿರಬೇಕು? ಅಲ್ಲಿಯೂ ಕಲಿಯುವುದಿತ್ತು. ‘ಲಕ್ಷ್ಮಮ್ಮ’ ನಮ್ಮ ಕಣ್ಣಿಗೆ ಮೂರು ಅಕ್ಷರ. ಎಲ್ಲ ಭಾಷೆಯ ಅಕ್ಷರಗಳಿಗೂ ಸಂಕೇತ ಕೊಡುವ ಯೂನಿಕೋಡ್‌ನಲ್ಲಿ ಒತ್ತಕ್ಷರಗಳನ್ನು ಬಿಡಿಸಿ ಇಡುವುದರಿಂದ ಅದು 9 ಸಂಕೇತ. ಆ ಸಂಕೇತಗಳನ್ನು ಬೈಟ್‌ಗಳಾಗಿ ಬರೆದಿಡುವ ಯುಟಿಎಫ್-8ರಲ್ಲಿ ಒಂದೊಂದು ಕನ್ನಡ ಸಂಕೇತಕ್ಕೆ 3 ಬೈಟ್, ಅಂದರೆ ಒಟ್ಟು 27 ಬೈಟ್. ಹೆಸರಿಗೆ 20 ಬೈಟ್ ಸಾಕು ಅಂತ ಸಿಯಲ್ಲಿ ಅರೇ (ಅಳತೆ ಗೊತ್ತು ಮಾಡಿದ ಜಾಗದ ಸಾಲು) ಮಾಡಿದರೆ ಲಕ್ಷ್ಮಮ್ಮನವರ ಹೆಸರು ಅದರಲ್ಲಿ ಹಿಡಿಸುವುದೇ ಇಲ್ಲ. ಸಂಘದ ಸದಸ್ಯರ ಪಟ್ಟಿ ಹಳೇ ಫಾಂಟಿನ ಕಡತದಲ್ಲಿತ್ತು. ಕಾಪಿ ಮಾಡಿದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಬರುತ್ತಿದ್ದವು. ಕನ್ವರ್ಟರ್ ಹಾಕಿ ಯೂನಿಕೋಡ್‌ಗೆ ತಂದು, ಆಮೇಲೆ ಸೆಕ್ರೆಟರಿ ಅಣ್ಣನ ಜೊತೆ ಕೂತು ಒಂದೊಂದೇ ಹೆಸರು ಓದಿ ತಾಳೆ ನೋಡಿದೆ. ಬೇಜಾರಿನ ಕೆಲಸ ಅನ್ನಿಸಬಹುದು. ಆದರೆ ಪಾಸ್‌ಬುಕ್ಕಿಗೆ ತಾಳೆಯಾಗದ ಹೆಸರಿನಿಂದ ದುಡ್ಡು ನಿಲ್ಲುವುದನ್ನು ನೋಡಿದವರಿಗೆ ಹಾಗೆ ಅನ್ನಿಸುವುದಿಲ್ಲ.

ರಿಜಿಸ್ಟರ್‌ನಲ್ಲಿ ಲೀಟರು ತಪ್ಪಾಗಿ ಬರೆದರೆ ಸೆಕ್ರೆಟರಿ ಅದರ ಮೇಲೆ ಒಂದು ಗೆರೆ ಎಳೆದು, ಸರಿಯಾದದ್ದನ್ನು ಬರೆದು, ಸಹಿ ಹಾಕುತ್ತಿದ್ದರು. ಹಳೇ ಅಂಕಿ ಕೆಳಗೆ ಓದಲು ಸಿಗುತ್ತಿತ್ತು. ಕಾಮರ್ಸ್‌ನಲ್ಲಿ ತಿದ್ದುಪಡಿ ನಮೂದು ಕಲಿತವಳಿಗೆ ಇದು ತಕ್ಷಣ ಹೊಳೆಯಿತು. ನನ್ನ ಸಿಸ್ಟಮ್‌ನಲ್ಲಿ ಡಿಲೀಟ್ ಬಟನ್ ಇಡಲಿಲ್ಲ. ತಿದ್ದಿದರೆ ಹೊಸ ಸಾಲು ಸೇರುತ್ತದೆ, ಯಾರು, ಯಾವಾಗ ಅನ್ನುವುದು ಜೊತೆಗೆ ದಾಖಲಾಗುತ್ತದೆ. ವೈವಾಗೆ (ಮೌಖಿಕ ಪರೀಕ್ಷೆಗೆ) ಹೊರಗಿನಿಂದ ಬಂದ ಎಕ್ಸ್‌ಟರ್ನಲ್ ಮೇಡಂ ಒಂದು ನಮೂದನ್ನು ಅಳಿಸಿ ತೋರಿಸು ಅಂದರು. ಅಳಿಸಲು ಬಾರದ ಹಾಗೆ ಮಾಡಿದ್ದೇನೆ ಮೇಡಂ ಅಂದೆ. ಯಾಕೆ ಅಂದರು. ಆಮೇಲೆ ವೈವಾ ಪೂರ್ತಿ ನಡೆದದ್ದು ಅದರ ಮೇಲೆಯೇ.

ರೆಡಿಮೇಡ್ ಪ್ರಾಜೆಕ್ಟ್, ಬೈಂಡಿಂಗ್ ಸಮೇತ ದುಡ್ಡಿಗೆ ಸಿಗುತ್ತದೆ. ತಗೊಳ್ಳಬೇಡಿ. ನಿಮ್ಮೂರಲ್ಲೂ ಸಂಘ ಇದೆ, ಗ್ರಂಥಾಲಯ ಇದೆ, ನ್ಯಾಯಬೆಲೆ ಅಂಗಡಿ ಇದೆ. ಒಂದು ರಿಜಿಸ್ಟರ್ ಹಿಡಿದು ಅದನ್ನು ಬರೆಯುವವರ ಪಕ್ಕ ಕೂತುಕೊಳ್ಳಿ.

ಈಗ ಸೇರುವವರಿಗೆ ಒಂದೆರಡು ಮಾತು. ಕರ್ನಾಟಕದಲ್ಲಿ 2024ರಿಂದ ಪದವಿ ಮತ್ತೆ 3 ವರ್ಷದ್ದು. ಅದೇ ವರ್ಷದಿಂದ ಬಿಸಿಎ ಕೋರ್ಸುಗಳು ತಾಂತ್ರಿಕ ಶಿಕ್ಷಣ ನೋಡಿಕೊಳ್ಳುವ ರಾಷ್ಟ್ರೀಯ ಮಂಡಳಿ ಎಐಸಿಟಿಇ ವ್ಯಾಪ್ತಿಗೆ ಬಂದಿವೆ, ಹಾಗಾಗಿ ಕಾಲೇಜಿಗೆ ಆ ಅನುಮೋದನೆ ಇದೆಯಾ ಅಂತ ಸೇರುವ ಮೊದಲೇ ಕೇಳಿ. ಮುಂದೆ ಇದೇ ವಿಷಯದ ಸ್ನಾತಕೋತ್ತರ ಪದವಿ ಎಂಸಿಎ ಮಾಡುವುದಾದರೆ 2 ವರ್ಷ, ಪಿಜಿಸಿಇಟಿ ಪ್ರವೇಶ ಪರೀಕ್ಷೆ ಬರೆಯಬೇಕು. ಆ ಪರೀಕ್ಷೆಗೆ ಗಣಿತ ಬೇಕಾಗುತ್ತದೆ, ಕಾಮರ್ಸ್‌ನಿಂದ ಬಂದವರು ಮೊದಲ ವರ್ಷದ ಡಿಸ್ಕ್ರೀಟ್ ಮ್ಯಾಥ್ಸ್ ಅನ್ನು ಸುಮ್ನೆ ಪಾಸಾಗಲು ಓದದೆ ಗಟ್ಟಿ ಮಾಡಿಕೊಳ್ಳಿ.