ವಾಗ್ದಾನದ ಕಾರ್ಡು, ಕಾಫಿ ಕಣದ ಕಾಟಾ: ದೇವರ ಮಾತನ್ನು ನಂಬುವ ಕ್ರಮ

ಡಿಸೆಂಬರ್ 31ರ ರಾತ್ರಿ ಚರ್ಚಿನಲ್ಲಿ ಆರಾಧನೆ ಮುಗಿಸಿ ಮಡಿಕೇರಿಯ ಚಳಿಯಲ್ಲಿ ಮನೆಗೆ ನಡೆಯುವವರಲ್ಲಿ ಅನೇಕರ ಜೇಬಿನಲ್ಲಿ ಒಂದು ಸಣ್ಣ ಕಾರ್ಡಿರುತ್ತದೆ. ಹೊಸ ವರ್ಷದ ವಾಗ್ದಾನ, ಅಂದರೆ ದೇವರು ಕೊಟ್ಟ ಮಾತೆಂದು ಬೈಬಲಿನಿಂದ ಆರಿಸಿದ ಒಂದು ವಚನ. ಮರುದಿನ ಅದು ಕ್ಯಾಲೆಂಡರಿನ ಪಕ್ಕ ಅಂಟುತ್ತದೆ. ಜುಲೈ ಮಳೆಯ ತೇವಕ್ಕೆ ಕಾರ್ಡಿನ ಅಂಚು ಸುರುಳಿಯಾಗುವ ಹೊತ್ತಿಗೆ, ದೇವರು ಕೊಟ್ಟ ಮಾತು ಏನಾಯಿತು ಎಂಬ ಗೊಣಗಾಟ ಶುರು. ದೇವರು ಸುಳ್ಳಾಡಲಾರ ಎಂದು ತೀತ 1:2, ಇಬ್ರಿಯ 6:18 ಎರಡೂ ಹೇಳುತ್ತವೆ. ಹೆಚ್ಚಿನ ಸಲ ಆಗುವುದೇನೆಂದರೆ, ದೇವರು ಆಡದ ಮಾತನ್ನು ನಾವೇ ಆತನ ಬಾಯಿಗೆ ಹಾಕಿ, ಅದು ನಡೆಯಲಿಲ್ಲ ಎಂದು ಮುನಿಸಿಕೊಳ್ಳುತ್ತೇವೆ.

ಹಾಗಾಗಿ ಮೊದಲ ಕೆಲಸ ಕಾರ್ಡನ್ನು ಸರಿಯಾಗಿ ಓದುವುದು. ಅರ್ಧ ಗಂಟೆ, ಒಂದು ನೋಟ್‌ಬುಕ್, ಪೂರ್ತಿ ಬೈಬಲ್ ಸಾಕು. ಕಾರ್ಡಿನಲ್ಲಿರುವ ವಚನದ ಇಡೀ ಅಧ್ಯಾಯ ಓದಿ. ಬೈಬಲಿನಲ್ಲಿರುವ ಪೌಲ ಮೊದಲಾದವರ ಪತ್ರಗಳ ವಚನವಾದರೆ ಹಿಂದಿನ, ಮುಂದಿನ ಅಧ್ಯಾಯಗಳನ್ನೂ ಓದಿ. ಆಮೇಲೆ ನಾಲ್ಕು ಸಾಲು ಬರೆಯಿರಿ: ಮಾತು ಯಾರಿಗೆ ಕೊಟ್ಟದ್ದು, ಷರತ್ತು ಇದೆಯೇ, ಬೈಬಲಿನಲ್ಲೇ ಅದು ಎಲ್ಲಿ ನೆರವೇರಿತು, ಇದರಿಂದ ದೇವರ ಸ್ವಭಾವದ ಬಗ್ಗೆ ಏನು ತಿಳಿಯುತ್ತದೆ. ನಾಲ್ಕನೆಯ ಸಾಲು ಮಾತ್ರ ನೇರವಾಗಿ ನಿಮ್ಮದು.

ಕಾರ್ಡುಗಳಲ್ಲಿ ಹೆಚ್ಚು ಓಡುವ ಯೆರೆಮೀಯ 29:11 ಅನ್ನೇ ತೆಗೆದುಕೊಳ್ಳಿ: ನಿಮಗೆ ಒಳ್ಳೆಯ ಗತಿ, ನಿರೀಕ್ಷೆ ಉಂಟು ಎಂಬ ಮಾತು. ಅದು ಬಾಬೆಲಿಗೆ (ಬ್ಯಾಬಿಲೋನಿಗೆ) ಸೆರೆ ಹೋದ ಯೆಹೂದ್ಯರಿಗೆ ಪ್ರವಾದಿ ಯೆರೆಮೀಯ ಬರೆದ ಪತ್ರ. ಹಿಂದಿನ ವಚನದಲ್ಲೇ 70 ವರ್ಷದ ಗಡುವು ಇದೆ. ಪತ್ರ ಕೇಳಿಸಿಕೊಂಡ ಎಷ್ಟೋ ಜನ ಸೆರೆಯಲ್ಲೇ ಮಣ್ಣಾದರು. ಮಾತು ಅವರ ಮಕ್ಕಳು ಮೊಮ್ಮಕ್ಕಳ ಕಾಲಕ್ಕೆ ನೆರವೇರಿತು. ಅದೇ ಅಧ್ಯಾಯದಲ್ಲಿ, ಸೆರೆಯವರಿಗೆ ಸುಳ್ಳು ಭರವಸೆ ಹೇಳುತ್ತಿದ್ದ ಪ್ರವಾದಿಗಳನ್ನು ದೇವರು ಗದರುತ್ತಾನೆ. ಇದನ್ನು ಓದಿದ ಮೇಲೆ ಏಪ್ರಿಲ್‌ನಲ್ಲಿ ಬ್ಯಾಂಕ್ ಸಾಲ ಮಂಜೂರಾಗುತ್ತದೆ ಎಂದು ಆ ವಚನದ ಮೇಲೆ ಪಂತ ಕಟ್ಟುವುದು ಕಷ್ಟ. ಕಷ್ಟವಾಗಬೇಕು ಕೂಡ.

ಇನ್ನು ಆಮೆನ್. ಪ್ರಾರ್ಥನೆ ಮುಗಿಯಿತು ಎಂಬುದಕ್ಕೆ ಹೇಳುವ ಪದವಲ್ಲ ಅದು. ಇಬ್ರಿಯ (ಹೀಬ್ರೂ) ಭಾಷೆಯಲ್ಲಿ ಸತ್ಯಕ್ಕೆ ಇರುವ ಎಮೆತ್ ಎಂಬ ಪದವೂ ಇದೂ ಒಂದೇ ಧಾತುವಿನವು. ಅಲುಗದ್ದು, ಭಾರ ಹಾಕಿದರೂ ಕುಸಿಯದ್ದು ಎಂಬ ಅರ್ಥ. ಯೋಹಾನನ ಸುವಾರ್ತೆಯಲ್ಲಿ ಯೇಸು 'ನಿಜನಿಜವಾಗಿ' ಎನ್ನುವ ಕಡೆಯೆಲ್ಲ ಗ್ರೀಕ್ ಮೂಲದಲ್ಲಿರುವುದು 'ಆಮೆನ್, ಆಮೆನ್'. ಹಾಗಾಗಿ ಆಮೆನ್ ಹೇಳುವ ಮೊದಲು ಒಂದು ಉಸಿರು ನಿಲ್ಲಿಸಿ, ಈಗ ಯಾವ ಮಾತಿನ ಮೇಲೆ ಭಾರ ಹಾಕುತ್ತಿದ್ದೇನೆ ಎಂದು ಕೇಳಿಕೊಳ್ಳಿ. ಉತ್ತರ ಸಿಗದಿದ್ದರೆ ಪ್ರಾರ್ಥನೆಯನ್ನು ಇನ್ನೊಮ್ಮೆ, ಚಿಕ್ಕದಾಗಿ ಹೇಳಿ.

ಕಾಯುವುದು ಕಾಫಿ ಬೆಳೆಯುವವರಿಗೆ ಹೊಸದಲ್ಲ. ಬೇಸಿಗೆಯಲ್ಲಿ ಹೂ ಅರಳಿಸುವ ಹೂಮಳೆ ಬಿದ್ದು ವಾರ ಹತ್ತು ದಿನಕ್ಕೆ ರೊಬಸ್ಟಾ ಕಾಫಿ ತೋಟ ಬೆಳ್ಳಗಾಗುತ್ತದೆ, ಘಮ ರಸ್ತೆಗೂ ಬರುತ್ತದೆ. ಹಣ್ಣು ಕೈಗೆ ಸಿಗುವುದು ಡಿಸೆಂಬರ್ ದಾಟಿದ ಮೇಲೆ. ಯೆಶಾಯ 55:10-11 ದೇವರ ಮಾತನ್ನು ನೆಲ ತೋಯಿಸಿ ಬೆಳೆ ಕೊಡದೆ ಹಿಂದಿರುಗದ ಮಳೆಗೆ ಹೋಲಿಸುವುದನ್ನು ಇಲ್ಲಿಯವರಿಗೆ ಬಿಡಿಸಿ ಹೇಳಬೇಕಿಲ್ಲ. ಆದರೆ ಕಾಯುವಾಗ ಸುಮ್ಮನಿರಬೇಕೆಂದಿಲ್ಲ. ಕೀರ್ತನೆ 13ರಲ್ಲಿ 'ಇನ್ನೆಷ್ಟು ಕಾಲ' ಎಂಬ ಪ್ರಶ್ನೆ ನಾಲ್ಕು ಸಲ ಬರುತ್ತದೆ. ಮೊದಲೆರಡು ವಚನ ದೂರು, ಮುಂದಿನೆರಡು ಬೇಡಿಕೆ, ಕೊನೆಯೆರಡು ಭರವಸೆ. ಅದೇ ಕ್ರಮದಲ್ಲಿ ನಿಮ್ಮ ಮನೆಮಾತಿನಲ್ಲೇ ಬರೆಯಿರಿ, ಕೊಡವ ತಕ್ಕಾಗಲಿ, ಕೊಂಕಣಿಯಾಗಲಿ. ದೂರನ್ನು ಹಾರಿಸಿ ಭರವಸೆಗೆ ಜಿಗಿಯುವವರೇ ಬೇಗ ಸೋಲುತ್ತಾರೆ. ನಂಬಿಕೆಯ ಹೆಸರಿನಲ್ಲಿ ದೇವರ ಮುಂದೆಯೇ ಸುಳ್ಳು ಹೇಳಿದಂತಾಗುತ್ತದೆ. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಗುಡ್ಡ ಜರಿದು ಮನೆ ಕಳಕೊಂಡವರ ಹತ್ತಿರ 'ಎಲ್ಲಾ ಒಳ್ಳೇದಕ್ಕೇ' ಎನ್ನುವುದು ಕೂಡ ಅದೇ ಜಾತಿಯ ಮಾತು. ಅಂಥಲ್ಲಿ ಕೈಯಲ್ಲಿ ಅಕ್ಕಿ, ಕಂಬಳಿ ಇರಲಿ, ವಚನ ಆಮೇಲೆ.

ದೇವರ ಸತ್ಯವನ್ನು ನಂಬುವುದರ ದಿನನಿತ್ಯದ ಭಾಗ ಕಾಫಿ ತೂಗಿ ಒಣಗಿಸುವ ಕಣದಲ್ಲಿದೆ. ಸುಳ್ಳುಸಾಕ್ಷಿ ಹೇಳಬೇಡ ಎಂಬ ಆಜ್ಞೆ ವಿರಾಜಪೇಟೆಯ ಕ್ಯಾಥೊಲಿಕರ ಎಣಿಕೆಯಲ್ಲಿ ಎಂಟನೆಯದು, ಸಿಎಸ್‌ಐ (ಪ್ರೊಟೆಸ್ಟಂಟ್) ಸಭೆಯವರ ಎಣಿಕೆಯಲ್ಲಿ ಒಂಬತ್ತನೆಯದು. ತೂಕದ ಕಾಟಾ ಮಾತ್ರ ಇಬ್ಬರಿಗೂ ಒಂದೇ. ಯಾಜಕಕಾಂಡ 19:36 ತಕ್ಕಡಿ, ಬಟ್ಟು ನ್ಯಾಯವಾಗಿರಲಿ ಎಂದು ಹೇಳಿ, ಅದಕ್ಕೆ ಕಾರಣವಾಗಿ ದೇವರ ಹೆಸರನ್ನೇ ಕೊಡುತ್ತದೆ. ಕೊಯ್ಲಿನ ಸಂಜೆ ಕೆಲಸದವರ ಕೂಲಿ ಲೆಕ್ಕಕ್ಕೆ ಹಣ್ಣು ತೂಗುವಾಗ ಚೀಲದ ಲೆಕ್ಕಕ್ಕೆಂದು ಎರಡು ಕೆ.ಜಿ. ಹಿಡಿದುಕೊಳ್ಳುವುದಿದ್ದರೆ, ಖಾಲಿ ಗೋಣಿಯನ್ನೇ ಕಾಟಾದ ಮೇಲಿಟ್ಟು ನೋಡಿ. ಒಂದು ಕೆ.ಜಿ. ಬಂದರೆ ಒಂದೇ ಹಿಡಿಯಿರಿ. ಮಾರುವಾಗ ಓಟಿ (ಒಣಗಿದ ಕಾಯಿಯಿಂದ ಸಿಗುವ ಬೀಜದ ಪ್ರಮಾಣ) ನೋಡಲು ಕೊಡುವ ಸ್ಯಾಂಪಲ್ ಚೆನ್ನಾಗಿ ಒಣಗಿದ ಮೂಟೆಯದ್ದಷ್ಟೇ ಆಗಬಾರದು. ಬೇರೆ ಬೇರೆ ಮೂಟೆಗಳ ಮೇಲಿಂದ, ನಡುವಿಂದ, ತಳದಿಂದ ತೆಗೆದು ಬೆರೆಸಿ. ಚೆಕ್‌ರೋಲ್‌ನಲ್ಲಿ (ಹಾಜರಿ ಪುಸ್ತಕದಲ್ಲಿ) ತೋಟದ ರೈಟರ್ ಹಾಕಿದ ಹಾಜರಿಯನ್ನು ಕೂಲಿ ಬಟವಾಡೆಯ ಮೊದಲು ಲೈನ್‌ಮನೆಯ ಕಾರ್ಮಿಕರ ಮುಂದೆ ಗಟ್ಟಿಯಾಗಿ ಓದಿಸಿ.

ಹಿಂದೆ ತಪ್ಪಿದ್ದರೆ? ಅರಣ್ಯಕಾಂಡ 5:7 ಲೆಕ್ಕ ಕೊಡುತ್ತದೆ: ತಪ್ಪನ್ನು ಒಪ್ಪಿಕೊಂಡು, ಪೂರ್ತಿ ಮೊತ್ತದ ಜೊತೆ ಐದನೆಯ ಒಂದು ಪಾಲು ಸೇರಿಸಿ, ನಷ್ಟವಾದವರ ಕೈಗೇ ಕೊಡಬೇಕು. ಒಬ್ಬರ 40 ಚೀಲದಲ್ಲಿ ಒಂದೊಂದು ಕೆ.ಜಿ. ಹೆಚ್ಚು ಹಿಡಿದು, ಕೊಯ್ಲಿನ ದರ ಕೆ.ಜಿ.ಗೆ 5 ರೂಪಾಯಿ ಇದ್ದರೆ 200 ರೂಪಾಯಿ. ಅದಕ್ಕೆ 40 ಸೇರಿ 240. ಹಬ್ಬದ ಬೋನಸ್ ಎಂದು ಕೊಟ್ಟರೆ ಹಣ ಸೇರುತ್ತದೆ, ಸತ್ಯ ಸೇರುವುದಿಲ್ಲ. ಯಾವುದರ ಹಣವೆಂದು ಹೇಳಿಯೇ ಕೊಡಿ.

ಕೊಟ್ಟ ಮಾತನ್ನು ಬದಲಿಸಲೇಬೇಕಾದಾಗ 2 ಕೊರಿಂಥ 1 ಓದಿ. ಕೊರಿಂಥದ ಸಭೆಗೆ ಬರುತ್ತೇನೆಂದ ಅಪೊಸ್ತಲ ಪೌಲ ಬರಲಿಲ್ಲ. ಹೌದು ಎಂದೂ ಅಲ್ಲ ಎಂದೂ ಒಟ್ಟಿಗೇ ಹೇಳುವವನೆಂಬ ಅಪವಾದ ಬಂತು. ಅವನು ಕಾರಣವನ್ನು ಬಿಡಿಸಿ ಬರೆದ, ದೇವರ ಮಾತು ಹಾಗಲ್ಲ ಎಂದೂ ಸೇರಿಸಿದ. ನೀವಾದರೆ ಗಡುವು ಮುಗಿಯುವ ಮೊದಲೇ ಫೋನ್ ಮಾಡಿ, ನಿಜವಾದ ಕಾರಣ ಹೇಳಿ, ಹೊಸ ದಿನಾಂಕ ಕೊಡಿ.

ವಿಶ್ವಾಸಿಗಳಲ್ಲಿ ಅತಿ ಸಲೀಸಾಗಿ ಬರುವ ಸುಳ್ಳು 'ನಿಮಗೋಸ್ಕರ ಪ್ರಾರ್ಥನೆ ಮಾಡ್ತೇನೆ' ಎಂಬುದು. ವಾಟ್ಸಾಪಿನಲ್ಲಿ ಕೈಮುಗಿದ ಚಿತ್ರ ಕಳಿಸುವ ಮುಂಚೆಯೇ ಎರಡು ವಾಕ್ಯ ಪ್ರಾರ್ಥಿಸಿ, ಆಮೇಲೆ 'ಪ್ರಾರ್ಥಿಸಿದೆ' ಎಂದು ಬರೆಯಿರಿ. ಅಷ್ಟಕ್ಕೂ ಪುರುಸೊತ್ತಿಲ್ಲದಿದ್ದರೆ 'ವಿಷಯ ತಿಳಿದು ಬೇಸರವಾಯಿತು' ಎಂದರೆ ಸಾಕು.