ಬಿಗಿದು ಸುತ್ತಿದ ಮೂವತ್ತು ಪದರ

ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿರುವ ನಮ್ಮ ವರ್ಕ್‌ಶಾಪಿಗೆ ಹೆಚ್ಚಾಗಿ ಬರುವುದು ದ್ರವ ನೈಟ್ರೋಜನ್ ಕ್ಯಾನ್‌ಗಳು. ಆಕಳು, ಎಮ್ಮೆಗಳ ಕೃತಕ ಗರ್ಭಧಾರಣೆಗೆ ಬೇಕಾದ ವೀರ್ಯದ ಕಡ್ಡಿಗಳನ್ನು ಪಶು ವೈದ್ಯರು ಅವುಗಳಲ್ಲೇ ಇಟ್ಟಿರುತ್ತಾರೆ. ಎರಡು ಗೋಡೆಗಳ ನಡುವಿನ ವ್ಯಾಕ್ಯೂಮ್, ಅಂದರೆ ಗಾಳಿ ತೆಗೆದ ಖಾಲಿ ಜಾಗ, ಕೆಟ್ಟುಹೋದ ಕ್ಯಾನ್‌ಗಳನ್ನು ಸರಿಮಾಡಿ ಮಾಡಿ ಕೈ ಪಳಗಿತ್ತು. ಆ ಧೈರ್ಯದ ಮೇಲೆಯೇ ದ್ರವ ಹೈಡ್ರೋಜನ್‌ಗೆಂದು 50 ಲೀಟರಿನ ಪ್ರಯೋಗದ ಟ್ಯಾಂಕ್ ಮಾಡಿಕೊಡಲು ಒಪ್ಪಿಕೊಂಡೆ.

‘ಥರ್ಮೊಕೋಲ್ ಸುತ್ತಿದರೆ ಸಾಲದೇನಪ್ಪಾ?’ ಎಂದರು ಲೇತಿನ ಮುಂದಿದ್ದ ಕಾಕಾ. ನೈಟ್ರೋಜನ್ ಕುದಿಯುವುದು ಮೈನಸ್ 196 ಡಿಗ್ರಿಯಲ್ಲಿ, ಹೈಡ್ರೋಜನ್ ಮೈನಸ್ 253ರಲ್ಲಿ. ಅಷ್ಟು ತಣ್ಣಗಿನ ಲೋಹಕ್ಕೆ ತಾಗಿದ ಗಾಳಿಯೇ ದ್ರವವಾಗಿ ತೊಟ್ಟಿಕ್ಕುತ್ತದೆ. ಆ ಹನಿಯಲ್ಲಿ ಆಮ್ಲಜನಕದ ಪಾಲು ಹೆಚ್ಚು. ಹೈಡ್ರೋಜನ್ ಪಕ್ಕದಲ್ಲಿ ಅಂಥದ್ದು ಯಾರಿಗೆ ಬೇಕು? ಮೇಲಾಗಿ ಒಂದು ಲೀಟರ್ ನೈಟ್ರೋಜನ್ ಆವಿಯಾಗಲು ಸಾಕಾಗುವ ಶಾಖಕ್ಕೆ ಹೈಡ್ರೋಜನ್ ಸುಮಾರು ಐದು ಲೀಟರ್ ಹಾರಿಹೋಗುತ್ತದೆ. ಹಾಗಾಗಿ ಎರಡು ಗೋಡೆ, ನಡುವೆ ವ್ಯಾಕ್ಯೂಮ್, ಒಳಪಾತ್ರೆಯ ಸುತ್ತ ಅಲ್ಯುಮಿನಿಯಂ ಲೇಪದ ಪಾಲಿಯೆಸ್ಟರ್ ಹಾಳೆ, ಹಾಳೆ ಹಾಳೆಯ ನಡುವೆ ಗಾಜಿನ ನಾರಿನ ತೆಳು ಕಾಗದ.

ಅವ್ವ ಕೌದಿ ಹೊಲಿಯುವುದನ್ನು ನೋಡುತ್ತ ಬೆಳೆದವನು ನಾನು. ಹಳೆಯ ಸೀರೆಯ ಪದರಗಳನ್ನು ಸುಕ್ಕಿಲ್ಲದಂತೆ ಎಳೆದು ಕೂರಿಸುತ್ತಿದ್ದಳು. ನಾನೂ 30 ಪದರಗಳನ್ನು ಎಳೆದೆಳೆದು ಸುತ್ತಿದೆ. ಎಲ್ಲ ಸೇರಿ ದಪ್ಪ 6 ಮಿಲಿಮೀಟರ್. ಬೆಳ್ಳಿಯ ತಂಬಿಗೆಯಂತೆ ಹೊಳೆಯುತ್ತಿತ್ತು.

ಪರೀಕ್ಷೆ ನಡೆಸಿದ್ದು ನೈಟ್ರೋಜನ್‌ನಲ್ಲಿ. ತುಂಬಿಸಿ, ಒಂದು ದಿನ ತಣಿಯಲು ಬಿಟ್ಟು, ತಕ್ಕಡಿಗೇರಿಸಿದೆವು. 24 ಗಂಟೆಯಲ್ಲಿ 2.4 ಕಿಲೋ ಮಾಯ. ಟ್ಯಾಂಕಿನ ಕತ್ತಿನ ಸುತ್ತ ಎರಡು ಬೆರಳಗಲ ಇಬ್ಬನಿ ಕಟ್ಟಿತ್ತು.

ಹೊರಚಿಪ್ಪಿನ ವೆಲ್ಡಿಂಗ್ ಕತ್ತರಿಸಿ ಬಿಚ್ಚಿದೆ. ವ್ಯಾಕ್ಯೂಮಿನಲ್ಲಿ ಶಾಖ ದಾಟುವುದು ವಿಕಿರಣವಾಗಿ, ಅದನ್ನು ಹಾಳೆಗಳು ಹಿಂದಕ್ಕೆಸೆಯುತ್ತವೆ. ಆದರೆ ಹಾಳೆಗಳನ್ನು ಒತ್ತಿಹಿಡಿದರೆ ಒಂದಕ್ಕೊಂದು ಮೈತಾಗಿಸಿಕೊಂಡು ಅವೇ ಶಾಖವನ್ನು ಒಳಗೆ ಕೈದಾಟಿಸುತ್ತವೆ. ಕತ್ತಿನ ಬಳಿ ಇನ್ನೂ ದೊಡ್ಡ ತಪ್ಪು ಮಾಡಿದ್ದೆ. ಅಂದವಾಗಿ ಕಾಣಲೆಂದು ಹೊರಹಾಳೆಯ ಅಂಚನ್ನು ಒಳಹಾಳೆಯ ಮೇಲೆ ಮಡಚಿದ್ದೆ. ಹೊರಗಿನ ಬಿಸುಪು ಅಲ್ಯುಮಿನಿಯಂ ಲೇಪ ಹಿಡಿದುಕೊಂಡು ನೇರವಾಗಿ ಒಳಗಿಳಿದಿತ್ತು.

ಎರಡನೆಯ ಸಲ ಅದೇ 30 ಪದರ 15 ಮಿಲಿಮೀಟರ್ ತುಂಬುವಷ್ಟು ಸಡಿಲ. ಪ್ರತಿ ಹಾಳೆಯ ಅಂಚೂ ಕತ್ತಿನ ಮೇಲೆ ತನ್ನದೇ ಎತ್ತರದಲ್ಲಿ, ಪಕ್ಕದ್ದಕ್ಕೆ ತಾಗದಂತೆ ನಿಲ್ಲಬೇಕು. ಇಷ್ಟಕ್ಕೇ ಎರಡು ದಿನ ಹಿಡಿಯಿತು, ಕಾಕಾನ ಬೈಗುಳವೂ ಸೇರಿ.

ಜುಲೈ ತಿಂಗಳ ಜಿಟಿಜಿಟಿ ಮಳೆ ಬೇರೆ. ಗಾಜಿನ ಕಾಗದ ತೇವ ಕುಡಿದು ಕುಳಿತಿತ್ತು. ಪಂಪ್ ಎಷ್ಟು ಓಡಿದರೂ ಗೇಜಿನ ಮುಳ್ಳು ಇಳಿಯಲೊಲ್ಲದು. ಹೊರಗಿನಿಂದ 100 ಡಿಗ್ರಿಯವರೆಗೆ ಕಾಯಿಸುತ್ತ ಮೂರು ದಿನ ಎಳೆದ ಮೇಲೆ ವಾಯುಮಂಡಲದ ಒತ್ತಡದ 76 ಲಕ್ಷದಲ್ಲೊಂದು ಭಾಗಕ್ಕೆ ಬಂತು.

ಈ ಸಲ ಕಳೆದದ್ದು 0.7 ಕಿಲೋ. ಕಾಕಾ ಕತ್ತಿನ ಸುತ್ತ ಅಂಗೈ ಆಡಿಸಿ ನೋಡಿದರು, ಒಣಗಿತ್ತು.

ಒಯ್ಯಲು ಬಂದ ಇಂಜಿನಿಯರ್, ‘ಇನ್ನಷ್ಟು ಬಿಗಿಯಾಗಿ ಸುತ್ತಿ ಹೊರಚಿಪ್ಪು ಚಿಕ್ಕದು ಮಾಡಬಹುದಿತ್ತಲ್ಲ?’ ಎಂದರು. ಕಾಕಾ ನನ್ನ ಮುಖ ನೋಡಿದರು.